ಕರಡಿ ತಂದ ಕಾನೂನು

ಜೇನುತುಪ್ಪದ ವ್ಯಾಪಾರದಲ್ಲಿ ದುಂಡಗಾದ ಜಂಬಣ್ಣನೆಂಬ ಕರಡಿ ಕಾಡಿನ ಸಭೆಗೆ ಚುನಾವಣೆಗೆ ನಿಂತಾಗ, ಪೊಟರೆಯಲ್ಲಿ ಗೂಡು ಕಟ್ಟಿದ್ದ ತುಡುವೆ ಜೇನುಗಳಿಂದ ಅವನಿಗೆ ಓಟು ಹಾಕಿಸಿದವಳು ಮುದಿ ಜೇನು ಪಾರಜ್ಜಿಯೇ. ತುಪ್ಪ ಮಾರುವವನು ನಮ್ಮ ಕಷ್ಟವನ್ನೂ ಬಲ್ಲ ಎಂದು ಆ ಸಾಧ್ವಿ ದೇವರ ಮೇಲೆ ಭಾರ ಹಾಕಿ ನಂಬಿದ್ದಳು.

ಗೆದ್ದ ಜಂಬಣ್ಣ ಎರಡು ಸಲ ಪಕ್ಷ ಬದಲಿಸಿ ಮಂತ್ರಿಯಾದ. ಮರಿಗಳಿಗೆ ಗಾಳಿ ಬೆಳಕು ಬೇಕು, ಆದ್ದರಿಂದ ಪ್ರತಿ ಪೊಟರೆಯ ಬಾಯಿಯನ್ನೂ ಒಂದು ಗೇಣು ಅಗಲ ಮಾಡಬೇಕು ಎಂಬುದೇ ಅವನು ತಂದ ಮೊದಲ ಕಾನೂನು. ಮರಕುಟಿಗಗಳು ಕೆಲಸಕ್ಕೆ ಬಂದೇಬಿಟ್ಟವು.

ಪಾರಜ್ಜಿ ಮಂತ್ರಿಯ ಬಳಿಗೆ ಹಾರಿದಳು. "ಸ್ವಾಮಿ, ಬಾಗಿಲು ಕಿರಿದಾಗಿರುವುದರಿಂದಲೇ ನಮ್ಮ ಮರಿಗಳು ಬದುಕಿವೆ. ಒಂದು ಗೇಣೆಂದರೆ ನಿಮ್ಮ ಕೈ ಹಿಡಿಸುವಷ್ಟಲ್ಲವೇ?"

"ಛೇ, ಅಜ್ಜಿ! ವ್ಯಾಪಾರ ಬಿಟ್ಟು ಎಷ್ಟು ಕಾಲವಾಯಿತು! ಅಂಗಡಿ ಈಗ ನನ್ನ ಹೆಂಡತಿಯ ಹೆಸರಿನಲ್ಲಿದೆ."

"ಪೊಟರೆಗೆ ಕೈ ಹಾಕುವವರು ಯಾರು?"

"ಅವಳಿಗೆ ಮರ ಹತ್ತಲು ಬರುವುದಿಲ್ಲ. ಗಂಡನಾದವನು ಅಷ್ಟೂ ಮಾಡದಿದ್ದರೆ ಹೇಗೆ?" ಎಂದು ಜಂಬಣ್ಣ ಮೂತಿ ನೆಕ್ಕಿಕೊಂಡ.

ಕುಟುಕಿದರೆ ತನ್ನ ಪ್ರಾಣ ಹೋಗುತ್ತದೆಂದು ಪಾರಜ್ಜಿಗೆ ಗೊತ್ತಿತ್ತು. "ದೇವರೇ, ಇವನಿಗೆ ಓಟು ಹಾಕಿಸಿದ ಪಾಪ ನನ್ನದು. ಅದನ್ನು ತೊಳೆದುಕೊಳ್ಳಲು ಮುಳ್ಳನ್ನೂ ನೀನೇ ಕೊಟ್ಟಿದ್ದೀಯೆ" ಎಂದು ಬೇಡಿಕೊಂಡು ನೆಟ್ಟಗೆ ಅವನ ಮೂಗಿಗೆ ಎರಗಿದಳು; ಅಲ್ಲೇ ಸತ್ತು ಬಿದ್ದಳು.

ಜೇನಿನ ಮುಳ್ಳು ನೆಟ್ಟಲ್ಲಿ ಒಂದು ವಾಸನೆ ಏಳುತ್ತದೆ. ಅದನ್ನು ಹಿಡಿದು ಬಂಧುಗಳೆಲ್ಲ ಹಾರಿ ಬರಬೇಕೆಂಬುದು ಭಗವಂತನೇ ಮಾಡಿಟ್ಟ ಏರ್ಪಾಡು. ಜಂಬಣ್ಣ ಮೂಗು ಉಜ್ಜಿಕೊಂಡು ತಲೆಯೆತ್ತಿದಾಗ, ಅವನ ಮತದಾರರೆಲ್ಲ ಬಂದಿದ್ದರು.