ಸುಳಿಗಾಳಿಗೆ ಕಾದಿಟ್ಟ ಜಾಗ

ಲೋಕದ ಹೊಸ ವಾಸನೆ ಇನ್ನೂ ಹೋಗಿರದ ಕಾಲ ಅದು. ಬೆಟ್ಟಗಳು ಆಗಷ್ಟೇ ಬಂದು ಕೂತಿದ್ದವು. ಕಾಲು ಚಾಚೋಣವೋ ಮಡಚೋಣವೋ ಎಂದು ಯೋಚಿಸುತ್ತಿದ್ದವು. ನದಿಗಳು ಸಮುದ್ರ ಯಾವ ಕಡೆ ಎಂದು ಕಂಡಕಂಡವರನ್ನು ಕೇಳಿಕೊಂಡು ಹರಿಯುತ್ತಿದ್ದವು. ಆಗ ಕಲ್ಲಿಗೂ ಮಾತು ಬರುತ್ತಿತ್ತು, ಕೆರೆಗೂ ಮಾತು ಬರುತ್ತಿತ್ತು. ಆದರೂ ಈ ನಿಮ್ಮಜ್ಜನಷ್ಟು ಯಾರೂ ಮಾತಾಡುತ್ತಿರಲಿಲ್ಲ ಅಂತಾಳೆ ನಿಮ್ಮಜ್ಜಿ, ಮರಿ. ಇರಲಿ ಬಿಡು.

ಆ ಕಾಲದಲ್ಲಿ ಗಾಳಿಯವ್ವನಿಗೆ ಇಬ್ಬರು ಗಂಡುಮಕ್ಕಳು. ಹಿರಿಯವನು ಪಡುಗಾಳಿ. ಎದೆ ಉಬ್ಬಿಸಿಕೊಂಡು ಯಾವಾಗಲೂ ಎತ್ತರದಲ್ಲೇ ಓಡಾಡುವವನು. ಕಿರಿಯವನು ಸುಳಿ. ಅವನಿಗೆ ಎತ್ತರ ಅಂದರೆ ಬೇಜಾರು. ಅವನಿಗೆ ಬೇಕಾದದ್ದು ಜನ. ಎಲ್ಲಿ ನಾಲ್ಕು ಮಂದಿ ಕೂತಿದ್ದಾರೋ ಅಲ್ಲಿ ಸುಳಿ ಹಾಜರು. ಯಾರದೋ ಟೋಪಿ ಹಾರಿಸುವುದು, ಯಾರದೋ ಒಲೆ ಊದಿಕೊಡುವುದು, ಆಮೇಲೆ ಅಲ್ಲೇ ಒರಗಿಕೊಂಡು ಕತೆ ಕೇಳುವುದು.

ಬಯಲುಸೀಮೆಯ ನಡುವೆ ಓಬಜ್ಜಿ ಅಂತ ಒಬ್ಬಳು ಮುದುಕಿ ಇದ್ದಳು. ಜೋಳ ಬೆಳೆಯುವವಳು. ಅವಳು ಕಣದಲ್ಲಿ ನಿಂತು ಮೊರ ಎತ್ತಿ ಜೋಳ ತೂರುವಾಗ ಸುಳಿ ಬಂದು ಹೊಟ್ಟನ್ನೆಲ್ಲ ಒಂದು ಕಡೆಗೆ ಹಾರಿಸಿಕೊಡುತ್ತಿದ್ದ. ಕೆಲಸ ಮುಗಿದ ಮೇಲೆ ಇಬ್ಬರೂ ಜಗಲಿಯಲ್ಲಿ ಕೂರುತ್ತಿದ್ದರು.

"ಲೋ ಸುಳಿ, ಸೆರಗು ಎಳೀಬೇಡ ಕಣೋ, ಹರಿದೋಗ್ತದೆ."

"ಹರಿದ್ರೆ ಹೊಸದು ಉಟ್ಕೊಳ್ಳಜ್ಜಿ."

"ಹೊಸದು ತಂದು ಪೆಟ್ಟಿಗೇಲಿ ಇಟ್ಟಿದಾನೇನು ನಿಮ್ಮಪ್ಪ?"

ಸುಳಿ ನಗುತ್ತಿದ್ದ. ಅವನು ನಕ್ಕರೆ ಅಂಗಳದ ಕಸವೆಲ್ಲ ಒಂದು ಸುತ್ತು ಕುಣಿಯುತ್ತಿತ್ತು.

ಹೀಗಿರುವಾಗ ಒಂದು ವರ್ಷ ಮಳೆ ಬರಲಿಲ್ಲ. ಮರುವರ್ಷವೂ ಬರಲಿಲ್ಲ. ಕೆರೆ ದಿನಾ ಒಂದಿಷ್ಟು ಒಳಗೆ ಸರಿಯಿತು. ಕಪ್ಪೆಗಳು ಕೂಗುವುದನ್ನು ಬಿಟ್ಟು ಮಣ್ಣಿನೊಳಗೆ ಇಳಿದವು. ಊರಿನವರು ಕುರಿಮೇಕೆ ಹೊಡೆದುಕೊಂಡು, ನೀರು ಹುಡುಕಿಕೊಂಡು, ಉದ್ದಾನುದ್ದ ದಾರಿ ಹಿಡಿದು ಹೋದರು. ಓಬಜ್ಜಿ ಹೋಗಲಿಲ್ಲ.

"ನಡಿಯಜ್ಜಿ," ಅಂದರು.

"ಎಲ್ಲಾರೂ ಹೋದ್ರೆ ಮಳೆ ಬಂದಾಗ ಬಿತ್ತೋರು ಯಾರು?" ಅಂದಳು.

ಮೋಡಗಳೆಲ್ಲ ಆಗ ಪಡುವಣ ಸಮುದ್ರದ ಮೇಲೆ ತಂಪಾಗಿ ಕೂತಿದ್ದವು. ಅವುಗಳ ಯಜಮಾನ ಹಿರಿಮೋಡ. ಹೊಟ್ಟೆ ತುಂಬ ನೀರು, ಕಣ್ಣು ತುಂಬ ನಿದ್ದೆ. ಅವನು ಪಡುಗಾಳಿಯನ್ನು ಕರೆದು, "ಬಯಲುಸೀಮೆಯಲ್ಲಿ ಹೇಗಿದ್ದಾರೆ ಅಂತ ನೋಡಿಕೊಂಡು ಬಾರಯ್ಯ," ಅಂದ.

ಪಡುಗಾಳಿ ಆ ಉದ್ದ ದಾರಿಯ ಮೇಲೇ ಹಾರಿ, ಊಟದ ಹೊತ್ತಿಗೆಲ್ಲ ವಾಪಸು ಬಂದ. ಕೆಳಗೆ ಇಳಿಯಲೇ ಇಲ್ಲ.

"ಎಲ್ಲ ಶಾಂತವಾಗಿದೆ ಯಜಮಾನ್ರೆ. ಕಪ್ಪೆಗಳ ಗಲಾಟೆ ಇಲ್ಲ, ಹಳ್ಳದ ಗಲಾಟೆ ಇಲ್ಲ, ಮಕ್ಕಳ ಗಲಾಟೆಯೂ ಇಲ್ಲ. ಒಬ್ಬರೂ ಅಳುತ್ತಿಲ್ಲ. ಚೆನ್ನಾಗಿದ್ದಾರೆ."

"ಹಾಗಾದರೆ ಸರಿ," ಎಂದು ಹಿರಿಮೋಡ ಮಗ್ಗಲು ಬದಲಿಸಿ ಮಲಗಿದ.

ಪಡುಗಾಳಿ ಸುಳ್ಳು ಹೇಳಲಿಲ್ಲ ಮರಿ. ಬರಗಾಲ ಅಂದರೆ ಹಾಗೇ, ಸದ್ದು ಮಾಡುವುದಿಲ್ಲ. ಬೆಳಿಗ್ಗೆಯಿಂದ ಕಾರಿನ ಕಿಟಕಿಯಲ್ಲಿ ಮುಖ ಇಟ್ಟುಕೊಂಡು ನೀನೂ ನೋಡಿದೆಯಲ್ಲ. ಮೊಣಕಾಲೆತ್ತರಕ್ಕೆ ಬಂದು ಅಲ್ಲೇ ಒಣಗಿದ ಜೋಳ ನೋಡಿದೆ, ಬರಿದಾದ ಕೆರೆ ನೋಡಿದೆ. ನೋಡಿ ಏನಂದೆ? "ಅಜ್ಜಾ, ಇಲ್ಲಿ ಏನೂ ಆಗ್ತಾನೇ ಇಲ್ಲ" ಅಂದೆ. ಪಡುಗಾಳಿ ಹೇಳಿದ್ದೂ ಅದನ್ನೇ.

ಇತ್ತ ಓಬಜ್ಜಿ ಒಂದು ಗಡಿಗೆಯ ಮುಂದೆ ಕೂತಿದ್ದಳು. ಅದರ ಬಾಯಿಗೆ ಸಗಣಿ ಮೆತ್ತಿತ್ತು. ಒಳಗಿದ್ದದ್ದು ಬಿತ್ತನೆಯ ಜೋಳ. ಇಡೀ ಸೀಮೆಯಲ್ಲಿ ಉಳಿದಿದ್ದ ಬೀಜ ಅದೊಂದೇ.

"ತಿನ್ನೋ ಜೋಳ ಮುಗೀತು ಸುಳಿ," ಅಂದಳು. "ಇನ್ನು ಬೇಲಿ ಸೊಪ್ಪು ಬೇಯಿಸ್ಕಂಡು ತಿಂತೀನಿ. ಅದೂ ಮುಗಿದ್ರೆ ಈ ಗಡಿಗೆ ಬಾಯಿ ತೆಗೀಬೇಕು. ಆಮೇಲೆ ಮಳೆ ಬಂದ್ರೂ ಏನು ಬಿತ್ಲಿ? ಕಲ್ಲು ಬಿತ್ಲಾ?"

ಸುಳಿ ಅಂಗಳದಲ್ಲಿ ಎದ್ದು ನಿಂತ. "ನಾನು ಹೋಗಿ ಹಿರಿಮೋಡನಿಗೆ ಹೇಳ್ತೀನಿ ಅಜ್ಜಿ."

"ನಿನ್ನ ಮಾತು ಯಾರು ನಂಬ್ತಾರೋ, ಹರಟೆಮಲ್ಲ? ಹೇಳಬೇಡ. ತಗಂಡೋಗಿ ತೋರ್ಸು." ಅವಳು ತನ್ನ ಹೊಲದಿಂದ ಒಂದು ಹಿಡಿ ಮಣ್ಣು ತಂದು ಅವನ ಕೈಗೆ ಹಾಕಿದಳು. "ದಾರೀಲಿ ಸಿಕ್ಕೋರಿಗೆಲ್ಲ ಕೈ ಚಾಚು, ಅವರೂ ಏನಾದ್ರೂ ಕೊಡ್ತಾರೆ. ಎಲ್ಲೂ ಮಾತ್ರ ನಿಲ್ಲಬೇಡ. ತಿರುಗ್ತಾನೇ ಇರು. ನಿಂತ್ರೆ ಎಲ್ಲ ಉದುರೋಗ್ತದೆ."

"ಕೂರಲೂಬಾರದಾ?"

"ಕೂರಲೂಬಾರದು."

"ಮಾತಾಡಬಹುದಾ?"

"ಮಾತಾಡಿದ್ರೆ ನೀನು ನಿಲ್ತೀಯ. ನಂಗೊತ್ತಿಲ್ವಾ ನಿನ್ನ?" ಓಬಜ್ಜಿ ಅವನ ತಲೆ ಸವರಿದಳು. "ನಿನ್ನ ಜಾಗ ಕಾದಿಟ್ಟಿರ್ತೀನಿ. ಹೋಗ್ಬಿಟ್ಟು ಬಾ, ಮಗಾ."

ಸುಳಿ ಹೊರಟ. ಅಣ್ಣನ ಹಾಗೆ ಮೇಲಿಂದ ಅಲ್ಲ, ನೆಲ ಹಿಡಿದು ಹೊರಟ.

ಕೆರೆ ಸಿಕ್ಕಿತು. ಅದರ ಮೈಯೆಲ್ಲ ಬಿರುಕು. "ನೀರಿದ್ದಾಗ ದಿನಾ ಬಂದು ಅಲೆ ಎಬ್ಬಿಸ್ತಿದ್ದೆ. ಒಂದು ಗಳಿಗೆ ಕೂರೋ," ಅಂದಿತು. ಸುಳಿ ಕೂರಲಿಲ್ಲ. ಕೆರೆ ಒಂದು ಒಣ ಬಸವನಹುಳುವಿನ ಚಿಪ್ಪು ಕೊಟ್ಟಿತು.

ಹೊಂಗೆಮರ ಸಿಕ್ಕಿತು. "ನನ್ನ ಕೆಳಗೆ ಯಾರೂ ಮಲಗದೆ ಎಷ್ಟು ದಿನ ಆಯ್ತು ಗೊತ್ತಾ? ಕೂರೋ," ಅಂದಿತು. ಸುಳಿ ಕೂರಲಿಲ್ಲ. ಮರ ಒಂದು ಒಣಗಿದ ಎಲೆ ಕೊಟ್ಟಿತು.

ಟಿಟ್ಟಿಭ ಹಕ್ಕಿ ಸಿಕ್ಕಿತು. ಒಡೆಯದ ಮೊಟ್ಟೆಗಳ ಪಕ್ಕ ನಿಂತಿತ್ತು. ತನ್ನ ಒಂದು ಪುಕ್ಕ ಕಿತ್ತು ಕೊಟ್ಟಿತು.

ಬಾವಿ ಸಿಕ್ಕಿತು. "ನನ್ನ ಹತ್ತಿರ ಕೊಡಲು ಏನೂ ಇಲ್ಲಪ್ಪ," ಅಂದಿತು. "ಈ ಟೊಳ್ಳು ಸದ್ದು ಇದೆ. ಬೇಕಾದರೆ ತಗೋ." ಸುಳಿ ಅದನ್ನೂ ತೆಗೆದುಕೊಂಡ. ಸುಳಿಗಾಳಿ ಹತ್ತಿರ ಬಂದಾಗ ಹೂಂ... ಎಂದು ಕೇಳುತ್ತದಲ್ಲ, ಅದು ಆ ಬಾವಿಯ ಸದ್ದು.

ದಾರಿಯೂ ಕೇಳಿತು. "ನನ್ನ ಮೇಲೆ ಹೋದವರು ಯಾರೂ ತಿರುಗಿ ಬರಲಿಲ್ಲ. ನೀನಾದರೂ ಬರ್ತೀಯಾ?" ಸುಳಿಗೆ ಉತ್ತರ ಹೇಳಬೇಕು ಅನ್ನಿಸಿತು. ಹೇಳಿದರೆ ನಿಲ್ಲಬೇಕಾಗುತ್ತದೆ. ಅವನು ತಿರುಗುತ್ತಲೇ ಮುಂದೆ ಹೋದ.

ಹೀಗೆ ಹೋಗಿ ಹೋಗಿ ಸುಳಿಯ ಚಹರೆಯೇ ಬದಲಾಯಿತು. ಮೈಯೆಲ್ಲ ಕೆಂಪು ಮಣ್ಣು, ತಲೆಯಲ್ಲಿ ಪುಕ್ಕ, ಹೊಟ್ಟೆಯಲ್ಲಿ ಎಲೆ. ನೀರಿರುವ ಕಡೆ ಗುಡಿಸಲು ಹಾಕಿಕೊಂಡಿದ್ದ ಅವನ ಊರಿನ ಮಕ್ಕಳೇ ಅವನನ್ನು ಕಂಡು, "ದೆವ್ವ! ದೆವ್ವ ಬಂತು!" ಎಂದು ಕಿರುಚಿ, ಥೂ ಥೂ ಎಂದು ಉಗಿದು ಒಳಗೆ ಓಡಿದರು. ಅವರ ಟೋಪಿಗಳನ್ನೆಲ್ಲ ಹಾರಿಸಿದವನು ಅವನು! "ನಾನು ಕಣ್ರೋ, ಸುಳಿ" ಅನ್ನಬೇಕು ಅಂತ ಬಾಯಿ ತೆರೆದ. ಪುಕ್ಕ ಜಾರತೊಡಗಿತು. ಬಾಯಿ ಮುಚ್ಚಿಕೊಂಡ.

ಕೊನೆಗೆ ನೆಲ ಮುಗಿಯುವಲ್ಲಿಗೆ ಬಂದ. ಹಿರಿಮೋಡ ತೀರಾ ಮೇಲಿದ್ದ, ಗೊರಕೆ ಹೊಡೆಯುತ್ತಿದ್ದ. ಸುಳಿ ತಿರುಗುತ್ತಲೇ ತುದಿಗಾಲೆತ್ತಿ ಕೈ ಚಾಚಿದ. ಇನ್ನೂ ಚಾಚಿದ. ತೆಳ್ಳಗಾದ, ಉದ್ದವಾದ, ದಾರದ ಹಾಗಾದ. ಕೈ ಮೋಡಕ್ಕೆ ತಾಗಿದ್ದೇ ಹೊತ್ತದ್ದನ್ನೆಲ್ಲ ಅದರ ಮಡಿಲಿಗೆ ಸುರಿದ.

ಹಿರಿಮೋಡ ಕಣ್ಣು ಬಿಟ್ಟ. ಚಿಪ್ಪು ನೋಡಿದ, ಎಲೆ ನೋಡಿದ, ಪುಕ್ಕವನ್ನು ತಿರುಗಿಸಿ ತಿರುಗಿಸಿ ನೋಡಿದ. ಬಾವಿಯ ಸದ್ದು ಕೇಳಿದ. ಓಬಜ್ಜಿಯ ಹಿಡಿ ಮಣ್ಣನ್ನು ಮೂಗಿಗೆ ಹಿಡಿದ. ಹುಟ್ಟಿದಾಗಿನಿಂದ ನೀರನ್ನೇ ಮೂಸಿದವನಿಗೆ ಒಣಮಣ್ಣಿನ ವಾಸನೆ ಹೊಸದು.

"ಯಾರೂ ಅಳುತ್ತಿಲ್ಲ ಅಂದನಲ್ಲ ನಿಮ್ಮಣ್ಣ?"

"ಅಳಲಿಕ್ಕೂ ನೀರು ಬೇಕಲ್ಲ ಯಜಮಾನ್ರೆ," ಅಂದ ಸುಳಿ. ಹೊರಟ ಮೇಲೆ ಅವನಾಡಿದ ಮೊದಲ ಮಾತು ಅದು.

ಹಿರಿಮೋಡ ಎದ್ದ. ಆ ಮಣ್ಣಿನ ಕಣಕಣಕ್ಕೂ ಒಂದೊಂದು ಹನಿ ಸುತ್ತಿಕೊಂಡಿತು. ಮೋಡಗಳೆಲ್ಲ ಗುಡುಗಿಕೊಂಡು ಬಯಲುಸೀಮೆಗೆ ಹೊರಟವು.

ಅಲ್ಲಿ ಓಬಜ್ಜಿ ಬೇಲಿ ಸೊಪ್ಪೂ ಮುಗಿದು, ಹೊಟ್ಟೆ ತಾಳಲಾರದೆ, ಗಡಿಗೆಯ ಸಗಣಿ ಬಿಡಿಸಿ ಬೀಜದೊಳಗೆ ಕೈ ಇಟ್ಟಿದ್ದಳು. ಸೂರಿನ ಸಂದಿಯಿಂದ ಬೆನ್ನ ಮೇಲೆ ಟಪ್ ಎಂದಿತು. ಇನ್ನೊಂದು ಟಪ್. ಅವಳು ಕೈಯನ್ನು ಮೆಲ್ಲಗೆ ಹೊರಗೆ ತೆಗೆದಳು. ಅಂಟಿದ್ದ ಕಾಳುಗಳನ್ನು ಗಡಿಗೆಗೇ ಉದುರಿಸಿದಳು. ಆಮೇಲೆ ಹೊರಗೆ ಓಡಿಬಂದು ಕೂಗಿದಳು:

"ಸುಳೀ! ಬಾರೋ! ಕೂತ್ಕ ಬಾರೋ!"

ಸುಳಿಗೆ ಕೇಳಿಸಿತು. ಓಡಿ ಬಂದ. ಆದರೆ ಮಳೆ ಅವನಿಗಿಂತ ಮುಂದಿತ್ತು. ಅಷ್ಟು ದೂರ ಒಣಮಣ್ಣು ಹೊತ್ತು ಹೊತ್ತು ಅವನಿಗೆ ಒಣಮಣ್ಣೇ ಕಾಲಾಗಿಬಿಟ್ಟಿತ್ತು. ಒದ್ದೆ ನೆಲದ ಮೇಲೆ ನಿಲ್ಲಲು ಬರುತ್ತಿರಲಿಲ್ಲ. ಎಲ್ಲಿ ಕಾಲಿಟ್ಟರೂ ಕರಗಿಹೋಗುತ್ತಿದ್ದ. ದೂರದಿಂದಲೇ ನೋಡಿದ. ಜಗಲಿ ಕಂಡಿತು, ಓಬಜ್ಜಿಯ ಸೆರಗು ಕಂಡಿತು. ತಾನೇ ತಂದ ಮಳೆ ನಡುವೆ ನಿಂತಿತ್ತು.

"ಇನ್ನೂ ಎಲ್ಲೆಲ್ಲಿ ಒಣಗಿದೆಯೋ ನೋಡು," ಅಂದ ಹಿರಿಮೋಡ, ಮೆತ್ತಗೆ. "ನೀನು ಎದ್ದು ನಿಂತ ಕಡೆ ನಾನು ಬರುತ್ತೇನೆ." ಬರುತ್ತಾನೆ. ಎಷ್ಟೋ ಸಲ ತಡವಾಗಿ ಬರುತ್ತಾನೆ. ನಿದ್ದೆ ಹೆಚ್ಚು ಅವನಿಗೆ.

ಓಬಜ್ಜಿ ಮರುದಿನ ಬಿತ್ತಿದಳು. ಆದರೆ ಹೊಲಕ್ಕೆ ಹೋಗುವ ಮೊದಲು ಸೂರಿನ ಕೆಳಗೆ, ಹನಿ ಬೀಳದ ಕಡೆ, ಒಂದಿಷ್ಟು ಒಣಮಣ್ಣು ಹರಡಿ, ಬೆರಳಿನಿಂದ ಸುತ್ತಿ ಸುತ್ತಿ ಪುಟ್ಟ ಗುಳಿ ಮಾಡಿದಳು. ಸುಳಿ ಬಂದರೆ ಕೂರಲಿ ಅಂತ. ಮಣ್ಣೊಳಗಿಂದ ಒಂದು ಸಣ್ಣ ಹುಳ ಇಣುಕಿತು.

"ಅಜ್ಜಿ, ನೀನು ಬಿತ್ತೋಕೆ ಹೋಗು. ಜಾಗ ನಾನು ಕಾಯ್ತೀನಿ."

"ಮುಚ್ಚಿಹೋದ್ರೆ?"

"ಮತ್ತೆ ತೋಡ್ತೀನಿ."

"ಅವನು ಬರೋದು ತಡ ಆದ್ರೆ?"

ಹುಳ ಆಗಲೇ ತೋಡಲು ಶುರುಮಾಡಿತ್ತು.

ಹಾಗಾಗಿ, ಮರಿ, ಈ ಚಹಾ ಅಂಗಡಿಯ ಸೂರಿನ ಕೆಳಗೆ ನೀನು ಕಡ್ಡಿ ಹಾಕಿ ಕೆದಕುತ್ತಿದ್ದೀಯಲ್ಲ, ಆ ಪುಟ್ಟ ಗುಳಿಯನ್ನು ಹುಳ ಮತ್ತೆ ಮತ್ತೆ ಸರಿಮಾಡುವುದು ಇದಕ್ಕೇ. ಅಗೋ, ಆಚೆ ಪಾಳು ಹೊಲದಲ್ಲಿ ಎಲೆ, ಪುಕ್ಕ ಹೊತ್ತುಕೊಂಡು ಒಬ್ಬನೇ ತಿರುಗುತ್ತಾ ಹೋಗುತ್ತಿರುವ ಸುಳಿಗಾಳಿಗೆ, ಇವತ್ತಿಗೂ ಕೂರಲು ಉಳಿದಿರುವ ಜಾಗ ಇದೊಂದೇ.