ಅರಸನಿಗೆ ಅನುಮತಿ ಇಲ್ಲ

"ಕೇಳಿರಿ, ಕೇಳಿರಿ! ತೀರಿಹೋದ ಮಹಾರಾಣಿಯವರ ವಿಡಿಯೋಗಳು ಅರಮನೆಯ ಸರ್ವರಿನಲ್ಲಿವೆ, ಆದರೆ ತೆರೆಯುತ್ತಿಲ್ಲ. ಈ ಬಗ್ಗೆ ಅರಸರು ಕೇಳುವ ಮೂರು ಒಗಟು ಬಿಡಿಸಿದವರಿಗೆ ಕೇಳಿದ್ದು ಸಿಗುತ್ತದೆ. ಒಂದು ತಪ್ಪಿದರೂ ತಲೆ ಹೋಗುತ್ತದೆ. ಶುಕ್ರವಾರ ಮಹಾರಾಣಿಯವರ ವರ್ಷಾಬ್ದಿಕ. ಅಷ್ಟರೊಳಗೆ ಬರತಕ್ಕದ್ದು!"

ಇರುಗನೂರಿನ ಬೀದಿಗಳಲ್ಲಿ ಈ ಡಂಗುರ ಮುಗಿಯುವ ಹೊತ್ತಿಗೆ ಕಂಪ್ಯೂಟರ್ ಬಲ್ಲವರೆಲ್ಲ ಕುಂಬಾರಿಕೆ ಶುರುಮಾಡಿದ್ದರು.

ವಿಡಿಯೋಗಳಿದ್ದದ್ದು ಸರ್ವರಿನ ಒಂದು ಫೋಲ್ಡರಿನಲ್ಲಿ. ಅವನ್ನು ತೆಗೆದು ಪರದೆಗೆ ತೋರಿಸುವ ಪ್ರೋಗ್ರಾಮನ್ನು, ಅದು ಹದ್ದು ಮೀರದಿರಲಿ ಎಂದು, ಕಂಟೇನರ್ ಎಂಬ ಮುಚ್ಚಿದ ಪೆಟ್ಟಿಗೆಯೊಳಗೆ ಕೂರಿಸಿದ್ದರು. ಈಗ ಅದು ಹದ್ದನ್ನೂ ಮೀರದೆ, ಕೆಲಸವನ್ನೂ ಮಾಡದೆ, ಪರದೆಯ ಮೇಲೆ 'ಅನುಮತಿ ಇಲ್ಲ' ಎಂದು ಬರೆದು ಸುಮ್ಮನಾಗುತ್ತಿತ್ತು. ಅರಸ ರಣಭೈರವನಿಗೆ ಹಾಗೆ ಹೇಳುವ ಧೈರ್ಯವಿದ್ದದ್ದು ಮಹಾರಾಣಿಯೊಬ್ಬಳಿಗೇ.

ಆಸ್ಥಾನದ ಬಾಗಿಲಲ್ಲಿ ಚಪ್ಪಲಿ ಕಾಯುತ್ತಿದ್ದವನು ಜವರ. ಚಪ್ಪಲಿ ಪಡೆದು ನಂಬರಿನ ತಗಡಿನ ಬಿಲ್ಲೆ ಕೊಡುವುದು, ಬಿಲ್ಲೆ ಪಡೆದು ಚಪ್ಪಲಿ ಕೊಡುವುದು ಅವನ ಕೆಲಸ. ಸೋಮವಾರ ವಾಸುಕಿ ಪಂಡಿತ ಹದಿನಾಲ್ಕನೆಯ ಬಿಲ್ಲೆ ಹಿಡಿದು ಒಳಗೆ ಹೋದ. ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುತ್ತದೆ ಎಂದ. ಸರಿಹೋಗಲಿಲ್ಲ. ಸಂಜೆ ಅರಮನೆಯ ಕೊಲೆಗಡುಕ ಕೈ ತೊಳೆದುಕೊಂಡು ಮನೆಗೆ ಹೋದ. ಹದಿನಾಲ್ಕನೆಯ ಬಿಲ್ಲೆ ಮಾತ್ರ ವಾಪಸು ಬರಲಿಲ್ಲ.

ಮಂಗಳವಾರ ಬಂದವನು ಸೇನಾಪತಿಯ ಮಗ ಗಜಸಿಂಹ. ಎಲ್ಲ ಫೋಲ್ಡರನ್ನೂ ಎಲ್ಲರಿಗೂ ತೆರೆದುಬಿಟ್ಟ. ಪರದೆ ಬೆಳಗಿತು. ಆದರೆ ಅರ್ಧ ಗಂಟೆಯೊಳಗೆ ಲಾಯದವರು ಯಾರೋ ಕುಸ್ತಿಯ ವಿಡಿಯೋಗೆ ಜಾಗ ಸಾಲದೆಂದು ಮಹಾರಾಣಿಯ ಒಂದು ವಿಡಿಯೋ ಅಳಿಸಿಹಾಕಿದರು. "ನಾನು ಬೀಗ ತೆಗೆಯಲು ಹೇಳಿದೆ, ನೀನು ಬಾಗಿಲನ್ನೇ ಕಿತ್ತೆ" ಎಂದು ಅರಸ ಎಲ್ಲವನ್ನೂ ಮೊದಲಿನಂತೆ ಮುಚ್ಚಿಸಿದ, ಗಜಸಿಂಹನನ್ನು ಸೆರೆಗೆ ಕಳಿಸಿದ.

ಬುಧವಾರ ಮಂತ್ರಿಯ ಅಳಿಯ ನಿರಂಜನ ಬಂದ. ಯಂತ್ರದಲ್ಲಿ ಅರಸರ ಹೆಸರಿನ ಮುಂದೆ ಬಿರುದುಗಳಿಲ್ಲದ್ದೇ ತೊಂದರೆ ಎಂದು ನಲವತ್ತೆರಡು ಬಿರುದು ಸೇರಿಸಿದ. ಅವನೂ ಸೆರೆಗೆ ಹೋದ. ಇಬ್ಬರ ತಲೆಯನ್ನೂ ವರ್ಷಾಬ್ದಿಕದ ದಿನವೇ ತೆಗೆಯುವುದೆಂದು ತೀರ್ಮಾನವಾಯಿತು.

ಗುರುವಾರ ಜವರ ತಾನೇ ಒಳಗೆ ಬಂದ.

"ಬುದ್ಧಿ, ಮೂರು ಜೊತೆ ಚಪ್ಪಲಿ ಉಳಿದವೆ. ಅವರು ಯಾವಾಗ ಬತ್ತಾರೆ?"

ಅರಸ ಮೀಸೆಯಲ್ಲೇ ನಕ್ಕ. "ಒಳಗೆ ಬಂದವನು ಒಗಟು ಬಿಡಿಸದೆ ಹೊರಗೆ ಹೋಗುವಂತಿಲ್ಲ. ಕೇಳು. ವಿಡಿಯೋಗಳ ಭಂಡಾರ ನನ್ನ ಹೆಸರಿನಲ್ಲಿದೆ. ಪೆಟ್ಟಿಗೆಯೊಳಗಿನ ಸೇವಕನಿಗೂ ನನ್ನದೇ ಹೆಸರಿಟ್ಟಿದ್ದೇನೆ. ಆ ಹೆಸರಿಗೆ ಹುಲಿ ದಾರಿ ಬಿಡುತ್ತದೆ, ಈ ಫೋಲ್ಡರ್ ಬಿಡುವುದಿಲ್ಲ. ಏಕೆ?"

ಕೊಲೆಗಡುಕ ಎದ್ದು ನಿಂತ. ಜವರ ಕೀಲಿಮಣೆಯ ಮುಂದಿದ್ದ ರಾಜಕುಮಾರಿ ಹೈಮವತಿಯ ಕಡೆ ತಿರುಗಿದ. "ಅದು ಹೆಸರು ನೋಡ್ತದಾ, ನಂಬರ್ ನೋಡ್ತದಾ ಅವ್ವಾ?"

ಹೈಮವತಿ ನೋಡಿದಳು. "ನಂಬರ್! ಭಂಡಾರದ ಮೇಲಿರುವುದು ಸಾವಿರ. ಪೆಟ್ಟಿಗೆಯವನದು ಒಂಬೈನೂರ ಹನ್ನೊಂದು."

"ಅಷ್ಟೇ ಬುದ್ಧಿ. ನನ್ನತ್ರ ಬಂದು ಯಾರು ಯಾವ ಹೆಸರು ಕೂಗಿದ್ರೂ ಚಪ್ಪಲಿ ಸಿಗಾಕಿಲ್ಲ, ಬಿಲ್ಲೆ ಬೇಕು. ಅವನಿಗೂ ಸಾವಿರದ ನಂಬರೇ ಕೊಡಿ."

ಕೊಟ್ಟರು. ಪರದೆಯ ಮೇಲೆ ವಿಡಿಯೋಗಳ ಹೆಸರುಗಳು ಸಾಲಾಗಿ ಬಂದವು. ಆದರೆ ಒಂದೂ ತೆರೆಯಲಿಲ್ಲ.

"ಎರಡನೆಯದು," ಎಂದ ಅರಸ. "ಪಟ್ಟಿ ತಪ್ಪಿಲ್ಲದೆ ಓದುತ್ತಾನೆ, ಒಂದನ್ನೂ ಎತ್ತಿ ತರಲಾರ. ಯಾರವನ ಕೈ ಹಿಡಿದವರು?"

"ಕೈ ಅಲ್ಲ ಬುದ್ಧಿ, ಕಾಲು. ನಾನು ಕಟ್ಟಿದ ಹಗ್ಗದಾಚೆ ನಿಂತು ಯಾರು ಬೇಕಾದ್ರೂ ಚಪ್ಪಲಿ ಎಣಿಸಬೌದು. ತಗೊಳ್ಳಾಕೆ ಹಗ್ಗ ದಾಟಿ ಒಳಗೆ ಬರಬೇಕು. ಫೋಲ್ಡರಿಗೆ ಓದೋ ಅನುಮತಿ ಬೇರೆ, ಒಳಗೆ ಕಾಲಿಡೋ ಅನುಮತಿ ಬೇರೆ ಇರಬೇಕು."

ಹೈಮವತಿ ಎರಡನೆಯದನ್ನೂ ಕೊಟ್ಟಳು. ಹಳೆಯ ವಿಡಿಯೋಗಳೆಲ್ಲ ತೆರೆದವು. ಆ ಬೆಳಿಗ್ಗೆಯಷ್ಟೇ ಸೇರಿಸಿದ ಒಂದು ಮಾತ್ರ ಮುಚ್ಚಿಯೇ ಇತ್ತು. ಅರಸನಿಗೆ ಬೇಕಾಗಿದ್ದದ್ದು ಅದೇ. ಹಳೆಯ ಟೇಪಿನಿಂದ ಇಳಿಸಿದ ಮಹಾರಾಣಿಯ ಕೊನೆಯ ವಿಡಿಯೋ.

"ಕೊನೆಯದು," ಎಂದ ಅರಸ. ದನಿ ತಗ್ಗಿತ್ತು. "ಹಳೆಯದನ್ನೆಲ್ಲ ಸರಿಮಾಡಿದರೂ ದಿನವೂ ಹೊಸದಾಗಿ ಬರುವುದು ಮುಚ್ಚಿಕೊಂಡೇ ಬರುತ್ತದೆ. ಮುಚ್ಚುವವನು ಯಾರು?"

ಸಭೆಯೆಲ್ಲ ನೆಲ ನೋಡತೊಡಗಿತು. ಉತ್ತರ ಅಲ್ಲಿದ್ದ ಹಲವರಿಗೆ ಗೊತ್ತಿತ್ತು, ಅದಕ್ಕೇ.

"ಸಂಜೆ ಪಾಳಿಯ ಬೋರಯ್ಯ ಬೇರೆ ಬಿಲ್ಲೆ ಹಾಕ್ತಿದ್ದ ಬುದ್ಧಿ," ಎಂದ ಜವರ. "ಬೆಳಿಗ್ಗೆ ನಾನು ಚಪ್ಪಲಿಗಳನ್ನ ಸರಿಮಾಡೋದು, ಸಂಜೆ ಮತ್ತೆ ಕೆಡೋದು. ಕೊನೆಗೆ ಚಪ್ಪಲಿ ಬಿಟ್ಟು ಬೋರಯ್ಯನ್ನ ಸರಿಮಾಡ್ದೆ. ಇಲ್ಲಿ ಹೊಸದನ್ನ ಹಾಕೋರು ಯಾರು?"

"ನಾನು," ಎಂದ ಅರಸ. "ದಿನಾ ಬೆಳಿಗ್ಗೆ. ನನ್ನ ಕೈಯಾರೆ. ಸರ್ವಾಧಿಕಾರದ ಖಾತೆಯಿಂದ."

"ಆ ಖಾತೆ ನಂಬರ್ ಎಷ್ಟು?"

ಹೈಮವತಿ ಪರದೆ ನೋಡಿದಳು. "ಸೊನ್ನೆ."

ಅರಸನ ಕೈ ಕತ್ತಿಯ ಹಿಡಿಗೆ ಹೋಯಿತು. ಕೊಲೆಗಡುಕ ಜವರನ ಹಿಂದೆ ಬಂದು ನಿಂತ. "ಅಂದರೆ, ಮುಚ್ಚುವವನು?"

ಜವರ ಕೈ ಮುಗಿದ. "ತಾವೇ ಬುದ್ಧಿ. ಹಾಕೋ ಹೊತ್ನಲ್ಲಿ ತಾವು ಸೊನ್ನೆ. ಸೊನ್ನೆ ಹಾಕಿದ್ದನ್ನ ಸಾವಿರದೋನು ತೆಗೆಯಾಕಾಗಾಕಿಲ್ಲ."

"ಯಂತ್ರದಲ್ಲಿ ಸೊನ್ನೆಯೇ ಎಲ್ಲರಿಗಿಂತ ಮೇಲು ಅಪ್ಪಾಜಿ," ಎಂದಳು ಹೈಮವತಿ ಅವಸರವಾಗಿ. "ಅದು ಮುಚ್ಚಿಟ್ಟದ್ದು ಉಳಿದವರಿಗೆ ಸಿಗುವುದಿಲ್ಲ. ಸಾವಿರದ ಖಾತೆಯಿಂದಲೇ ಹಾಕಿದರೆ ಸಾಕು."

ಅರಸ ಕತ್ತಿಯಿಂದ ಕೈ ತೆಗೆದು ಕೀಲಿಮಣೆಯ ಮುಂದೆ ಕುಳಿತ. ಎಲ್ಲರಂತೆ ಸಾವಿರದ ಖಾತೆಯಿಂದ ಒಳಹೋಗಿ ವಿಡಿಯೋವನ್ನು ಮತ್ತೆ ಹಾಕಿದ. ಪರದೆಯ ಮೇಲೆ ಮಹಾರಾಣಿ ಕ್ಯಾಮೆರಾ ಹಿಡಿದಿದ್ದವನನ್ನು ಗದರಿದಳು: "ಎಲ್ಲದಕ್ಕೂ ನೀವೇ ಕೈ ಹಾಕ್ಬೇಡಿ ಅಂದೆನಲ್ಲ. ಸುಮ್ಮನೆ ಕೂತ್ಕೊಳ್ಳಿ."

ಅರಸ ಸುಮ್ಮನೆ ಕುಳಿತ. ಮುಗಿದ ಮೇಲೆ ಕೇಳಿದ, "ಏನು ಬೇಕು?"

"ಚಪ್ಪಲಿಯವರು ಬಂದು ತಗೊಂಡೋಗ್ಲಿ ಬುದ್ಧಿ."

ಗಜಸಿಂಹ ಬಂದ, ನಿರಂಜನ ಬಂದ. ಬಿಲ್ಲೆ ಕೊಟ್ಟರು, ಚಪ್ಪಲಿ ಮೆಟ್ಟಿಕೊಂಡು ತಿರುಗಿ ನೋಡದೆ ನಡೆದರು. ಬಾಗಿಲವರೆಗೆ ಬಂದ ಅರಸ ಉಳಿದ ಜೊತೆಯನ್ನು ನೋಡಿದ.

"ಇದನ್ನು ತೆಗೆದುಬಿಡು."

"ಹದಿನಾಲ್ಕರ ಬಿಲ್ಲೆ ಇನ್ನೂ ಬಂದಿಲ್ಲ ಬುದ್ಧಿ," ಎಂದ ಜವರ.

ಆ ಜೊತೆ ಈಗಲೂ ಅಲ್ಲೇ ಇದೆ. ಜವರ ದಿನಾ ಅದರ ಧೂಳು ಒರೆಸುತ್ತಾನೆ. ಅರಸ ಅಂದಿನಿಂದ ಆಸ್ಥಾನಕ್ಕೆ ಹಿಂಬಾಗಿಲಿನಿಂದ ಬರುತ್ತಾನೆ.