ಬೆನ್ನುಗೋಡೆ ದಿಬ್ಬಕ್ಕೆ ಆ ಹೆಸರು ಬಂದದ್ದು

ಮುತ್ತುಗದಪಾಳ್ಯದ ಪಡುವಲಿಗೆ ಬಂಡೆಗಳ ನಡುವೆ ಒಂದು ದಿಬ್ಬವಿದೆ, ದಿಬ್ಬದ ಮೇಲೆ ಸಂತ ಅಂತೋಣಿಯವರ ಚರ್ಚು. ಫಲಕದಲ್ಲಿ ಹೆಸರನ್ನು ಬಲು ಗಂಭೀರವಾಗಿಯೇ ಬರೆಸಿದ್ದಾರೆ. ಆದರೆ ಅದನ್ನು ಓದುವ ಪುರುಸೊತ್ತು ಬಸ್ಸಿನ ಕಂಡಕ್ಟರಿಗೆ ಇಲ್ಲ. ಅವನು ಸೀಟಿ ಊದಿ, "ಯಾರ್ರೀ ಬೆನ್ನುಗೋಡೆ? ಇಳೀರಿ ಬೇಗ!" ಎನ್ನುತ್ತಾನೆ, ಅಷ್ಟೇ. ಇಳಿದವರು ಒಳಗೆ ಹೋಗಿ ಮೇಣದ ಬತ್ತಿ ಹಚ್ಚಿ, ಆಮೇಲೆ ತೆಂಕಣ ಗೋಡೆಯ ಹೊರಮೈ ನೋಡಲು ಸುತ್ತು ಬರುತ್ತಾರೆ. ಆ ಗೋಡೆ ಹಬ್ಬದೂಟ ಉಂಡವನ ಹೊಟ್ಟೆಯ ಹಾಗೆ ಮುಂದಕ್ಕೆ ಉಬ್ಬಿದೆ. ಉಬ್ಬಿನ ಉದ್ದಕ್ಕೂ ಸಾಲಾಗಿ ತಗ್ಗುಗಳಿವೆ. ಕೆಲವು ಅಗಲ, ಕೆಲವು ಸಪೂರ, ಒಂದಂತೂ ಎಮ್ಮೆ ಒರಗಿ ಎದ್ದು ಹೋದಷ್ಟು ದೊಡ್ಡದು. ವರ್ಷ ವರ್ಷ ಸುಣ್ಣ ಬಳಿಯುತ್ತಾರೆಯೇ ಹೊರತು ತಗ್ಗು ಮುಚ್ಚುವುದಿಲ್ಲ. ಪೇಟೆಯ ಎಂಜಿನಿಯರೊಬ್ಬರು ಬಂದು, ಪುಕ್ಕಟೆಯಾಗಿ ಸಿಮೆಂಟು ಮೆತ್ತಿಸಿ ನೆಟ್ಟಗೆ ಮಾಡಿಕೊಡುತ್ತೇನೆ ಎಂದಾಗ ಪಾಳ್ಯದ ಮುದುಕಿಯರು ಅವರಿಗೆ ಕಾಫಿ ಕೊಟ್ಟು ಬಸ್ಸು ಹತ್ತಿಸಿದರಂತೆ.

ಹಿಂದೆ ಒಮ್ಮೆ ಈ ದಿಬ್ಬದ ಮೇಲೆ ಒಂದು ಹುಣಸೆಮರ ಬಿಟ್ಟರೆ ಬೇರೇನೂ ಇರಲಿಲ್ಲ. ಕುದುರೆಯೇರಿ ಬರುತ್ತಿದ್ದ ಪಾದ್ರಿ, ಪಾಳ್ಯದವರ ಬಾಯಲ್ಲಿ ಸ್ವಾಮಿಗಳು, ಆ ಮರದಡಿಯಲ್ಲೇ ಪೂಜೆ ಅರ್ಪಿಸುತ್ತಿದ್ದರು. ಸ್ವಾಮಿಗಳು ಒಳ್ಳೆಯ ಭಾರದ ಆಸಾಮಿ. ಅವರು ಬಂದಿಳಿದಾಗ "ದೇವರೇ" ಎಂದು ಮೊದಲು ಉಸಿರು ಬಿಡುತ್ತಿದ್ದುದು ಕುದುರೆ ಎನ್ನುತ್ತಾರೆ. ಪಾಳ್ಯದಲ್ಲಿ ಎರಡು ಬೀದಿಗಳಿದ್ದವು, ಬಾವಿಬೀದಿ ಮತ್ತು ಬಂಡೆಬೀದಿ. ಯಾವುದೋ ಕಾಲದಲ್ಲಿ ಹಬ್ಬದ ಹಂದಿಯ ತಲೆ ಯಾರ ಪಾಲಿಗೆ ಎಂಬುದರ ಮೇಲೆ ಹುಟ್ಟಿದ ಮುನಿಸು ಮಕ್ಕಳು ಮೊಮ್ಮಕ್ಕಳ ತನಕ ಬೆಳೆದು, ಎರಡು ಬೀದಿಗಳಿಗೂ ಮಾತುಕತೆ ನಿಂತೇ ಹೋಗಿತ್ತು. ಒಂದು ಭಾನುವಾರ ಸ್ವಾಮಿಗಳು ಪೂಜೆ ಮುಗಿಸಿ ಹೇಳಿದರು: "ಸಂತ ಅಂತೋಣಿಯವರದೊಂದು ಕೆತ್ತಿದ ಸ್ವರೂಪ ಬಂದಿದೆ. ಯೇಸು ಎದ್ದು ಬಂದ ಪಾಸ್ಕ ಹಬ್ಬದೊಳಗೆ ಅದಕ್ಕೊಂದು ಗೋಡೆ, ಒಂದು ಸೂರು ಆದರೆ ಅದು ನಿಮಗೆ. ಆಗದಿದ್ದರೆ ಹಳ್ಳದಾಚೆಯ ಊರಿಗೆ." ಹಿರಿಯರೆಲ್ಲ ನೆಲ ನೋಡಿದರು. ಹಿಂದಿನ ಸಾಲಿನಿಂದ ಇನ್ನಾಸಿ ಎಂಬ ಪಡ್ಡೆ ಹುಡುಗ ಎದ್ದು ನಿಂತ. "ನಾನು ಕಟ್ಟಿಸ್ತೀನಿ ಸ್ವಾಮಿ. ನಮ್ಮ ಹುಡುಗರು ಹುಡುಗೀರು ಸಾಕು."

ದಿಬ್ಬವೆಲ್ಲ ನಕ್ಕಿತು. ನಗದೆ ಏನು ಮಾಡೀತು? ಪಾಳ್ಯದಲ್ಲಿ ಎಲ್ಲಿ ಚೇಷ್ಟೆ ನಡೆದರೂ ಅದರ ಬುಡದಲ್ಲಿ ಇನ್ನಾಸಿ ಇರುತ್ತಿದ್ದ. ಪ್ರಾರ್ಥನೆಗೆ ಮೊಣಕಾಲೂರಿದ ಉಪದೇಶಿಯ ಪಂಚೆಗೆ ಮೇಕೆ ಕಟ್ಟಿದವನು ಅವನೇ. ಅವನ ತಂದೆಯ ಮನೆ ಬಾವಿಬೀದಿ, ತಾಯಿಯ ತವರು ಬಂಡೆಬೀದಿ. ಹೀಗಾಗಿ ಎರಡೂ ಕಡೆ ಉಂಡು ಎರಡೂ ಕಡೆ ಬೈಸಿಕೊಳ್ಳುವ ಭಾಗ್ಯ ಅವನೊಬ್ಬನದು. "ಗುಡಿ ಕಟ್ಟೋದು ಮೇಕೆ ಕಟ್ಟಿದಂಗಲ್ಲ ಬಾವ" ಎಂದು ಬಂಡೆಬೀದಿಯ ಜಪಮಾಲೆ, ಅವನ ಸೋದರಮಾವನ ಮಗಳು, ಎಲ್ಲರಿಗೂ ಕೇಳುವಂತೆ ಅಂದಳು. ಸ್ವಾಮಿಗಳು ಮಾತ್ರ ನಗಲಿಲ್ಲ. "ನಿನ್ನ ಮಾತು ಸಂತರ ಕಿವಿಗೆ ಬಿತ್ತು, ಇನ್ನಾಸಿ" ಎಂದು ಕುದುರೆ ಹತ್ತಿದರು. ಈ ಮಾತು ಸುಳ್ಳಾದರೆ ಸ್ವರೂಪ ಹಳ್ಳ ದಾಟುತ್ತದೆ, ತಾನು ಮುದುಕನಾಗಿ ಸಾಯುವಾಗ "ಸಾಯ್ತಿದ್ದೀನಿ" ಅಂದರೂ ಜನ ನಂಬುವುದಿಲ್ಲ ಎಂದು ಇನ್ನಾಸಿಗೆ ಆಗ ಗೊತ್ತಾಯಿತು.

ಕೆಮ್ಮಣ್ಣಿಗೆ ಹುಲ್ಲು ಬೆರೆಸಿ ತುಳಿದು, ಉಂಡೆ ಉಂಡೆಯಾಗಿ ಕುಕ್ಕಿ ಏರಿಸುವ ಮಣ್ಣುಗೋಡೆ ಅದು. ಮೊಣಕಾಲೆತ್ತರ ಒಂದು ವರಸೆ ಏರಿಸಬೇಕು, ಅದು ಒಣಗಿದ ಮೇಲೆಯೇ ಇನ್ನೊಂದು. ಈ ಕಟ್ಟಳೆ ಪಾಳ್ಯದ ತೊಟ್ಟಿಲ ಕೂಸಿಗೂ ಗೊತ್ತು. ಬಾವಿಬೀದಿಯ ಯುವಕರು ಬಡಗಣ ಗೋಡೆ ಹಿಡಿದರು, ಬಂಡೆಬೀದಿಯವರು ತೆಂಕಣ ಗೋಡೆ. ಒಬ್ಬರು ತುಳಿದ ಮಣ್ಣನ್ನು ಇನ್ನೊಬ್ಬರು ಮುಟ್ಟುತ್ತಿರಲಿಲ್ಲ. ಮೊದಲ ವರಸೆ ಏಳುವಷ್ಟರಲ್ಲೇ ಅರ್ಧ ಜನ ಸೊಂಟ ಹಿಡಿದುಕೊಂಡು ಮನೆ ಸೇರಿದರು. ಆಗ ಇನ್ನಾಸಿ ತನ್ನ ಹಳೆಯ ವಿದ್ಯೆಯನ್ನೇ ಹೊರತೆಗೆದ. ಬಾವಿಬೀದಿಗೆ ಹೋಗಿ, "ನಿಮ್ಮ ಕೈಗೆ ಗೋಡೆ ಯಾಕೆ, ಮುದ್ದೆ ಕಟ್ಟೋದೇ ವಾಸಿ ಅಂತಿದ್ರಪ್ಪ ಬಂಡೆಬೀದಿಯೋರು" ಅಂದ. ಬಂಡೆಬೀದಿಗೆ ಹೋಗಿ, "ಇವರಿಗೆ ಬಂಡೆ ಮೇಲೆ ಕೂತು ಬಿಸಿಲು ಕಾಯಿಸೋದು ಬಿಟ್ಟರೆ ಏನು ಬರ್ತದೆ ಅಂತಿದ್ರು ಅವರು. ಇವತ್ತೇ ಇನ್ನೊಂದು ವರಸೆ ಏರಿಸ್ತಾರಂತೆ" ಅಂದ. ಮಾತು ಮೆಣಸಿನಪುಡಿಯ ಹಾಗೆ ಕೆಲಸ ಮಾಡಿತು. ಮನೆ ಸೇರಿದ್ದವರು ಗುದ್ದಲಿ ಹಿಡಿದು ಓಡಿ ಬಂದರು. ಅವರು ಒಂದು ವರಸೆ ಇಟ್ಟರೆ ಇವರು ಒಂದು, ಇವರು ಇಟ್ಟರೆ ಅವರು ಇನ್ನೊಂದು. ಕೆಳಗಿನದು ಒಣಗಿತೇ ಎಂದು ಮುಟ್ಟಿ ನೋಡುವವರೇ ಇಲ್ಲ. ಗೋಡೆಗಳು ಅಣಬೆಯ ಹಾಗೆ ಎದ್ದವು. ಇನ್ನಾಸಿಯ ಎದೆ ಉಬ್ಬಿತು. ಆ ಕಡೆ ಇನ್ನೊಂದೂ ಉಬ್ಬುತ್ತಿತ್ತು.

ಪಾಸ್ಕಕ್ಕೆ ಒಂದು ವಾರ ಮುಂಚೆ ಬರುವ ಗರಿಗಳ ಭಾನುವಾರದ ಹಿಂದಿನ ದಿನ ಬೆಳಿಗ್ಗೆ ನೀರಿನ ಕೊಡ ಹೊತ್ತು ಬಂದ ಜಪಮಾಲೆ ತೆಂಕಣ ಗೋಡೆಯ ಮುಂದೆ ನಿಂತಳು. "ಬಾವ, ಈ ಗೋಡೆಗೆ ಎಷ್ಟು ತಿಂಗಳು?" ಇನ್ನಾಸಿ ನಗುತ್ತಾ ತಿರುಗಿದವನು ನಗು ಮರೆತ. ಗೋಡೆಯ ನಡು ಬಸುರಿಯ ಹಾಗೆ ಹೊರಗೆ ಬಂದಿತ್ತು, ಬುಡದ ವರಸೆಯಿಂದ ಹಸಿ ಮಣ್ಣಿನ ಹೆಂಟೆಗಳು ಒಂದೊಂದಾಗಿ ಉದುರುತ್ತಿದ್ದವು. ಇದು ಬಿದ್ದರೆ ಪಾಸ್ಕದೊಳಗೆ ಮತ್ತೆ ಏಳುವ ಮಾತಿಲ್ಲ. ಯೋಚಿಸಲು ಹೊತ್ತಿರಲಿಲ್ಲ. ಅವನು ಹೋಗಿ ಉಬ್ಬಿಗೆ ಬೆನ್ನು ಕೊಟ್ಟು, ಕಾಲು ಊರಿ ನಿಂತ. ಬಂಡೆಬೀದಿಯವರೂ ಬಂದು ಬೆನ್ನು ಕೊಟ್ಟರು. ಸಾಲಲಿಲ್ಲ. ಇನ್ನಾಸಿ ಆಚೆ ಗೋಡೆಯವರನ್ನು ಕೂಗಿದ: "ಲೇ, ಗೋಡೆ ಬೀಳ್ತಾ ಇದೆ, ಬನ್ರೋ!"

ಆ ಕಡೆಯಿಂದ ನಗು ಬಂತು. ಬಾವಿಬೀದಿಯ ದಪ್ಪ ತೋಳಿನ ಅರುಳಪ್ಪ ಕೂತಲ್ಲಿಂದಲೇ ಕೂಗಿದ: "ಮೊನ್ನೆ ಹಾವು ಅಂದೆ, ನಿನ್ನೆ ಬಿಷಪ್ಪು ಅಂದೆ. ಇವತ್ತು ಗೋಡೆಯೇನ್ಲಾ?"

ಇನ್ನಾಸಿಯ ಬೆನ್ನ ಹಿಂದೆ ಗೋಡೆ ಒಂದು ಬೆರಳಷ್ಟು ಜಾರಿತು. ಇನ್ನು ಯಾವ ಸುಳ್ಳೂ ನಡೆಯುವಂತಿರಲಿಲ್ಲ. "ಮುದ್ದೆ ಮಾತು ಯಾರೂ ಆಡಿಲ್ಲ ಕಣ್ರೋ!" ಎಂದು ಗಂಟಲು ಹರಿಯುವಂತೆ ಕೂಗಿದ. "ಬಿಸಿಲು ಕಾಯಿಸೋ ಮಾತೂ ಯಾರೂ ಆಡಿಲ್ಲ! ಎರಡೂ ನಾನೇ ಹುಟ್ಟಿಸಿದ್ದು!" ಕೂಡಲೇ "ಹಿಡೀರೋ ಅವನ್ನ" ಎಂಬ ಕೂಗೆದ್ದು, ಬಾವಿಬೀದಿಗೆ ಬಾವಿಬೀದಿಯೇ ಗೋಡೆ ಸುತ್ತಿ ಓಡಿ ಬಂತು. ಕರೆದರೆ ಬಾರದವರು ಹೊಡೆಯಲು ಬಂದರು. ಅರುಳಪ್ಪ ಎತ್ತಿದ ಕೈ ಎತ್ತಿದಂತೆಯೇ ಇತ್ತು. ಇನ್ನಾಸಿ ಕದಲಲಿಲ್ಲ. "ಹೊಡಿ, ಬೇಡ ಅನ್ನಲ್ಲ. ನಾನು ಓಡಲ್ಲ, ಓಡಿದರೆ ಇದು ಬೀಳ್ತದೆ. ಮೊದಲು ಬೆನ್ನು ಕೊಡು, ಆಮೇಲೆ ಏಟು ಕೊಡು." ಅಷ್ಟರಲ್ಲಿ ಒಂದು ಹೆಂಟೆ ಅರುಳಪ್ಪನ ಪಾದದ ಮೇಲೆಯೇ ಬಿತ್ತು. ಅವನು ಗೋಡೆ ನೋಡಿದ, ಮಣ್ಣಲ್ಲಿ ಹೂತ ಇನ್ನಾಸಿಯ ಹಿಮ್ಮಡಿ ನೋಡಿದ. ಬಾಯಿತುಂಬ ಬೈಯುತ್ತಲೇ ತಿರುಗಿ ಅವನ ಪಕ್ಕದಲ್ಲಿ ಬೆನ್ನು ಕೊಟ್ಟ. ಉಳಿದವರೂ ಸಂದು ಸಿಕ್ಕಲ್ಲಿ ಸೇರಿಕೊಂಡರು. ಯುದ್ಧದಲ್ಲಿ ಬೆನ್ನು ತೋರಿಸಿದವರು ಹೇಡಿಗಳಂತೆ. ಮುತ್ತುಗದಪಾಳ್ಯದ ಶೂರರೆಲ್ಲ ಬೆನ್ನು ತೋರಿಸಿದವರೇ.

ಜಪಮಾಲೆ ಎದುರಿಗೆ ನಿಂತು ದಂಡು ನಡೆಸಿದಳು. "ಕದಲಿದೋರ ಮನೆಗೆ ಈ ಪಾಸ್ಕಕ್ಕೆ ಹಂದಿ ಬಾಡಿಲ್ಲ!" ಹುಡುಗಿಯರು ಬುಡಕ್ಕೆ ಕಲ್ಲು ಪೇರಿಸಿದರು. ಒಂದೇ ಗಡಿಗೆಯ ಅಂಬಲಿಯನ್ನು ಎರಡು ಬೀದಿಯ ಬಾಯಿಗೂ ಹೊಯ್ದರು. ನಡುಮಧ್ಯಾಹ್ನ ಸ್ವಾಮಿಗಳು ಬಂದರು. ಕೊಡೆ ಮಡಿಸಿ ಕುದುರೆಗೆ ಕಟ್ಟಿ, ನಿಲುವಂಗಿಯಲ್ಲೇ ಹೋಗಿ ಒರಗಿದರು. ಗೋಡೆ ನಿಂತದ್ದು ಆಗಲೇ ಎನ್ನುವವರೂ ಇದ್ದಾರೆ. ಒಂದು ದಿನದ ಬಿಸಿಲಿಗೆ ಮಣ್ಣುಗೋಡೆ ಬಿಗಿಯುವುದುಂಟೇ ಎಂದು ಕೇಳಿದರೆ, ಆವತ್ತು ಸೂರ್ಯನೂ ಈ ಮಜ ನೋಡಲು ಹುಣಸೆಮರದ ನೆತ್ತಿಯಲ್ಲಿ ತುಸು ನಿಂತಿದ್ದ ಎನ್ನುತ್ತಾರೆ ಹಿರಿಯರು. ನಂಬದವರು ಗೋಡೆಯನ್ನೇ ಕೇಳಿಕೊಳ್ಳಲಿ.

ಸಂಜೆ ಒಬ್ಬೊಬ್ಬರೇ ಮೆಲ್ಲಗೆ ಬೆನ್ನು ತೆಗೆದರು. ಗೋಡೆ ಅಲ್ಲಾಡಲಿಲ್ಲ. ಕೊನೆಗೆ ಇನ್ನಾಸಿಯೂ ಬಿಡಿಸಿಕೊಂಡು, ಕೊಟ್ಟ ಮಾತಿನಂತೆ ತಲೆ ಬಗ್ಗಿಸಿ ನಿಂತ. ಹೊಡೆಯಲು ಬಂದಿದ್ದವರಲ್ಲಿ ಕೈ ಎತ್ತುವ ತ್ರಾಣ ಒಬ್ಬರಿಗೂ ಉಳಿದಿರಲಿಲ್ಲ. ಜಪಮಾಲೆ ಮುಂದೆ ಬಂದು, "ಇದು ಎರಡು ಬೀದಿಯ ಪರವಾಗಿ" ಎಂದು ಅವನ ನೆತ್ತಿಗೆ ಒಂದು ಮೊಟಕು ಕೊಟ್ಟಳು. ಸೂರು ಹೊದಿಸುವಾಗ ಯಾರೂ ಬೀದಿ ಕೇಳಲಿಲ್ಲ. ಪಾಸ್ಕದ ದಿನ ಸಂತರು ಒಳಗೆ ಬಂದರು, ಹಂದಿಯ ತಲೆ ಸಾರಾಗಿ ಎಲ್ಲರ ಎಲೆಗೂ ಬಂತು.

ಇಂದಿಗೂ ಗೋಡೆಯ ನಡುವಿನ ಆಳದ ತಗ್ಗು ಇನ್ನಾಸಿಯದು, ಎಮ್ಮೆಯಷ್ಟು ಅಗಲದ್ದು ಸ್ವಾಮಿಗಳದು. ಯಾವುದಾದರೊಂದು ತಗ್ಗನ್ನು ಬೆನ್ನಿನಿಂದ ತುಂಬುವಷ್ಟು ಮಕ್ಕಳು ಬೆಳೆದರೆ ಸಾಕು, ಅವರನ್ನು ಯುವಕರ ಸಂಘಕ್ಕೆ ಸೇರಿಸಿಕೊಳ್ಳುತ್ತಾರೆ. ಸುಣ್ಣ ಬಳಿಯುವುದಿರಲಿ, ಹೆಂಚು ಕೈಯಾಡಿಸುವುದಿರಲಿ, ಆ ವರ್ಷದ ಕೆಲಸಕ್ಕೆ ಮುಂದಾಳಾದವರು ಮೊದಲು ಇನ್ನಾಸಿಯ ತಗ್ಗಿನಲ್ಲಿ ನಿಂತು ತಲೆ ಬಗ್ಗಿಸಬೇಕು. ಪಾಳ್ಯದ ಅತಿ ಹಿರಿಯ ಅಜ್ಜಿ ಬಂದು, ಎರಡು ಬೀದಿಯ ಪರವಾಗಿ ಎಂದು ಮೊಟಕುತ್ತಾಳೆ. ನೋಡಲು ಬಂದವರು, ಅಜ್ಜಿಯ ಕೈಯಲ್ಲಿ ಬಲವೇ ಇಲ್ಲವಲ್ಲ ಎಂದು ಮರುಗುತ್ತಾರೆ. ತಲೆ ಕೊಟ್ಟವರು ಮರುಗುವುದಿಲ್ಲ. ಮೊಟಕಿನ ಸದ್ದು ಹಿಂದಿನ ಸಾಲಿಗೆ ಕೇಳಿಸದಿದ್ದರೆ, "ಇನ್ನೊಂದು, ಇನ್ನೊಂದು!" ಎಂದು ಎರಡು ಬೀದಿಗಳೂ ಒಂದೇ ದನಿಯಲ್ಲಿ ಕೂಗುತ್ತವೆ.